ಗಾರ್ಡ್‌ಗಳಿಗೆ ಅಂಕವಿಲ್ಲ

ಕ್ಲೇಬರ್ನ್, ಅಯೋವಾ
10 ಫೆಬ್ರವರಿ 2023

ಪ್ರಿಯ ಲವಾನ್,

ಮಂಗಳವಾರ ಲೆಬ್ರಾನ್ ಜೇಮ್ಸ್ ಬ್ಯಾಸ್ಕೆಟ್‌ಬಾಲ್ ದಾಖಲೆ ಮುರಿದಾಗ ನೀನು ಟಿವಿ ಬಿಟ್ಟು ಕದಲಿರಲಿಕ್ಕಿಲ್ಲ. ಕರೀಮ್ ಅಬ್ದುಲ್ ಜಬ್ಬಾರ್‌ನ 38,387 ಅಂಕಗಳನ್ನು ಯಾರಾದರೂ ದಾಟುತ್ತಾರೆಂದು ನಾನಂತೂ ಅಂದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಫೆಯಲ್ಲಿ ಅದೇ ಮಾತು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಹೊಲಕ್ಕೆ ಹೋಗುವಂತಿಲ್ಲ, ಗಂಡಸರಿಗೆ ಜಗಳಕ್ಕೆ ಏನಾದರೂ ಬೇಕು. ವರ್ಜಿಲ್ ಮೇಜು ಕುಟ್ಟಿ, "ಸಾರ್ವಕಾಲಿಕ ಶ್ರೇಷ್ಠ ಯಾರು, ಹೇಳಿ ನೋಡೋಣ" ಅಂದ.

"ಜೋರ್ಡನ್. ಮುಗೀತು. ಕಾಫಿ ಹಾಕಮ್ಮ" ಅಂದ ಡೆನಿಸ್.

ನಾನು ಪಕ್ಕದ ಮೇಜಿನಿಂದ "ಬಿಲ್ ರಸೆಲ್" ಅಂದೆ. ಸುಮ್ಮನಿರಬೇಕಿತ್ತು.

"ಪಂದ್ಯಕ್ಕೆ ಹದಿನೈದು ಅಂಕ ಹೊಡೆದೋನಾ? ಅಷ್ಟು ನನ್ನ ಮೊಮ್ಮಗಳೂ ಹೊಡೀತಾಳೆ! ಶಾಲೇಲಿ ನೀವೂ ಆಡ್ತಿದ್ರಂತಲ್ಲ ಮಾರ್ಲಿಸ್, ನಾಲ್ಕು ವರ್ಷಕ್ಕೆ ಒಟ್ಟು ಎಷ್ಟು ಹೊಡೆದ್ರಿ?" ಅಂದ ವರ್ಜಿಲ್.

"ಸೊನ್ನೆ."

ಕೆಫೆಯೇ ನಕ್ಕಿತು. ನಮ್ಮ ಕಾಲದ ಆಟವನ್ನು ಅವರಿಗೆ ಬಿಡಿಸಿ ಹೇಳಬೇಕಾಯಿತು. ಹುಡುಗಿಯರ ತಂಡಕ್ಕೆ ಆರು ಜನ. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಅಂಗಣದ ನಡುವೆ ಗೆರೆ, ಯಾರೂ ದಾಟುವಂತಿಲ್ಲ. ಎದುರಾಳಿಯನ್ನು ತಡೆದು ಚೆಂಡನ್ನು ಗೆರೆಯವರೆಗೆ ತಂದು ಆಚೆ ಕೊಡುವುದಷ್ಟೇ ಗಾರ್ಡ್‌ಗಳ ಕೆಲಸ. ಬುಟ್ಟಿಗೆ ಹಾಕುವವರು ಆಚೆಯವರು. "ಅಂದ್ರೆ ನೀವು ಒಂದು ಸಲವೂ ಹೊಡೀಲಿಲ್ವಾ?" ಅಂದ ವರ್ಜಿಲ್. ಅವನಿಗೆ ನಿಜವಾಗಿ ಪಾಪ ಅನ್ನಿಸಿತು. ಅದು ನಗುವಿಗಿಂತ ಕೆಟ್ಟದಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಮೇ 27ಕ್ಕೆ ಹಳೆಯ ವಿದ್ಯಾರ್ಥಿಗಳ ಊಟ. ಶಾಲೆಯ ಕಟ್ಟಡದಲ್ಲಿ ಇದೇ ಕೊನೆಯದು, ಮುಂದಿನ ವರ್ಷ ಕೆಡವುತ್ತಾರೆ. ಪ್ರತಿ ವರ್ಷ ನಿನ್ನನ್ನು ಕರೆಯುತ್ತೇನೆ, ಪ್ರತಿ ವರ್ಷ ನಿನಗೆ ಏನೋ ಒಂದು ಅಡ್ಡ ಬರುತ್ತದೆ. ಈ ಸಲ ಪಂಥ ಕಟ್ಟೋಣ. ನಾನು ರಸೆಲ್ ಪರ. ನೀನು ಯಾರನ್ನು ಬೇಕಾದರೂ ಆರಿಸಿಕೋ. ಅಂಕಿಅಂಶ ಮಾತ್ರ ನಡೆಯುತ್ತದೆ, 'ನನಗೆ ಅನ್ನಿಸುತ್ತದೆ' ನಡೆಯುವುದಿಲ್ಲ. ನಾನು ಗೆದ್ದರೆ ನೀನು ಬಂದು ನನ್ನ ಹಿಂದಿನ ಕೋಣೆಯಲ್ಲಿ ಬೇಕಾದಷ್ಟು ದಿನ ಇರಬೇಕು. ನೀನು ಗೆದ್ದರೆ ನಾನು ಇನ್ನೆಂದೂ ಕರೆಯುವುದಿಲ್ಲ.

ನಿನ್ನ
ಮಾರ್ಲಿಸ್


ಮೆಸಾ, ಅರಿಜೋನಾ
21 ಫೆಬ್ರವರಿ 2023

ಮಾರ್ಲಿಸ್,

ಮೂವತ್ತು ವರ್ಷ ಪತ್ರಿಕೆಯ ಕ್ರೀಡಾಪುಟಕ್ಕೆ ಅಂಕಪಟ್ಟಿ ಕೂಡಿಸಿದವಳ ಜೊತೆ ಅಂಕಿಅಂಶದ ಪಂಥ ಕಟ್ಟುತ್ತೀಯಲ್ಲ, ನಿನ್ನ ಧೈರ್ಯಕ್ಕೆ ಮೆಚ್ಚಿದೆ. ಒಪ್ಪಿದ್ದೇನೆ.

ನನ್ನ ಆಯ್ಕೆ ಜೋರ್ಡನ್. ಡೆನಿಸ್ ಹೇಳಿದ ಅಂತ ಅಲ್ಲ. ಪಂದ್ಯವೊಂದಕ್ಕೆ ಸರಾಸರಿ 30.12 ಅಂಕ, ಇತಿಹಾಸದಲ್ಲೇ ಮೊದಲ ಸ್ಥಾನ. ಎರಡನೆಯವನು ವಿಲ್ಟ್ ಚೇಂಬರ್ಲಿನ್, 30.07. ಋತುವಿನ ಅತಿಹೆಚ್ಚು ಸರಾಸರಿ ಜೋರ್ಡನ್‌ದಾದದ್ದು ಹತ್ತು ಸಲ. ಆರು ಸಲ ಫೈನಲ್ ಮುಟ್ಟಿದ, ಆರೂ ಗೆದ್ದ. ತಡೆಯುವುದೇ ದೊಡ್ಡದು ಎಂದು ನೀನು ಹೊರಡುತ್ತೀಯ, ಗೊತ್ತು. 1988ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ ಯಾರು? ಅವನೇ. ಅದೇ ವರ್ಷ ಅತಿ ಹೆಚ್ಚು ಅಂಕದ ಸರಾಸರಿಯೂ ಅವನದೇ. ಅಂಗಣದ ಎರಡೂ ಕಡೆ ಆಡಿದವನು ಕಣೇ.

ನಾವು ಗಂಡ ಹೆಂಡತಿ ಚೆನ್ನಾಗಿದ್ದೇವೆ. ವಾರೆನ್ ಈಗ ನನ್ನ ಜೊತೆ ಪೂರ್ತಿ ಪಂದ್ಯ ನೋಡುತ್ತಾನೆ. ಮೊದಲೆಲ್ಲ ಅರ್ಧದಲ್ಲೇ ಎದ್ದು ಗ್ಯಾರೇಜಿಗೆ ಹೋಗಿಬಿಡುತ್ತಿದ್ದವನು ಈಗ ಕುರ್ಚಿ ಬಿಟ್ಟು ಏಳುವುದಿಲ್ಲ. ಕಿತ್ತಲೆ ಮರ ತುಂಬ ಕಾಯಿ ಬಿಟ್ಟಿದೆ, ಕೀಳಲು ಪುರುಸೊತ್ತಿಲ್ಲ.

ಲವಾನ್


ಕ್ಲೇಬರ್ನ್
6 ಮಾರ್ಚ್ 2023

ಪ್ರಿಯ ಲವಾನ್,

ವಾರೆನ್‌ಗೂ ಆಟದ ಹುಚ್ಚು ಹತ್ತಿತೆಂದು ಓದಿ ಸಂತೋಷವಾಯಿತು. ಕಿತ್ತಲೆ ಕೀಳುವುದಕ್ಕೂ ಪುರುಸೊತ್ತಿಲ್ಲದಷ್ಟು ಇಬ್ಬರೂ ಸುತ್ತಾಡುತ್ತಿದ್ದೀರಿ ಎಂದಾಯಿತು. ಇರಲಿ.

ರಸೆಲ್ ಹದಿಮೂರು ಋತು ಆಡಿದ, ಹನ್ನೊಂದು ಸಲ ಪ್ರಶಸ್ತಿ ಗೆದ್ದ. ಸರಣಿಯ ಏಳನೆಯ, ನಿರ್ಣಾಯಕ ಪಂದ್ಯವನ್ನು ಹತ್ತು ಸಲ ಆಡಿದ, ಹತ್ತೂ ಗೆದ್ದ. ಪಂದ್ಯಕ್ಕೆ 22.5 ರೀಬೌಂಡ್. ಬುಟ್ಟಿ ತಪ್ಪಿ ಪುಟಿದ ಚೆಂಡನ್ನು ಅಷ್ಟು ಸಲ ಕೈಗೆ ತೆಗೆದುಕೊಳ್ಳುವುದೆಂದರೆ ಹುಡುಗಾಟವಲ್ಲ. 1962ರಲ್ಲಿ ವಿಲ್ಟ್ 50.4ರ ಸರಾಸರಿಯಲ್ಲಿ ಹೊಡೆದನಲ್ಲ, ಆ ಋತುವಿನ ಶ್ರೇಷ್ಠ ಆಟಗಾರನನ್ನು ಆಟಗಾರರೇ ಮತ ಹಾಕಿ ಆರಿಸಿದರು. ಆರಿಸಿದ್ದು ರಸೆಲ್‌ನನ್ನು. ಎದುರು ನಿಂತು ಆಡಿದವರಿಗೆ ಗೊತ್ತಿತ್ತು.

ಅವನು ಎಷ್ಟು ಹೊಡೆತ ತಡೆದ ಎಂಬ ಲೆಕ್ಕ ಮಾತ್ರ ಇಲ್ಲ. ಲೀಗ್ ಅದನ್ನು ಎಣಿಸಲು ಶುರುಮಾಡಿದ್ದು 1973ರಲ್ಲಿ. ಅವನು ಬಿಟ್ಟದ್ದು 1969ರಲ್ಲಿ. ಅವನ ಬದುಕಿನ ಅತ್ಯುತ್ತಮ ಕೆಲಸವನ್ನು ಯಾರೂ ಬರೆದುಕೊಳ್ಳಲಿಲ್ಲ.

ನಿನಗೆ ನೆನಪಿದೆಯೋ ಇಲ್ಲವೋ, ಪಂದ್ಯದ ದಿನ ನಾನು ಗೆರೆಯ ಮೇಲೆ ನಿಂತು ನಿನ್ನ ಬೆನ್ನು ನೋಡುತ್ತಿದ್ದೆ. 21ನೇ ನಂಬರು. ನೀನು ಹೊಡೆಯುವಾಗ ಎಡಭುಜ ಒಂದಿಷ್ಟು ಮೇಲೇಳುತ್ತಿತ್ತು. ಆದರೆ ಅಭ್ಯಾಸದಲ್ಲಿ ನಿನ್ನನ್ನು ತಡೆಯುವವಳು ನಾನೇ, ಬೇರೆ ಯಾರಿದ್ದರು? ನಾಲ್ಕು ಚಳಿಗಾಲ, ಶಾಲೆ ಬಿಟ್ಟ ಮೇಲೆ ದಿನಾ. ನೀನು ನನ್ನ ಮೇಲೆ ಎಷ್ಟು ಹೊಡೆದೆ, ನಾನು ಎಷ್ಟು ತಡೆದೆ ಎಂದು ಯಾರೂ ಎಣಿಸಲಿಲ್ಲ. ಆ ಲೆಕ್ಕ ಸಿಕ್ಕಿದ್ದರೆ ಇಡೀ ಜಿಲ್ಲೆಯ ಅಂಕಪಟ್ಟಿಯನ್ನು ನಾನು ಒಲೆಗೆ ಹಾಕುತ್ತಿದ್ದೆ.

ಕೋಣೆಗೆ ಹೊಸ ಪರದೆ ಹಾಕಿಸಿದ್ದೇನೆ. ಪಂಥ ಗೆದ್ದೇ ಗೆಲ್ಲುತ್ತೇನೆ ಎಂದು ಅಲ್ಲ.

ನಿನ್ನ
ಮಾರ್ಲಿಸ್


ಮೆಸಾ
20 ಮಾರ್ಚ್ 2023

ಮಾರ್ಲಿಸ್,

ನಿಯಮ ಮಾಡಿದವಳು ನೀನು, ಅಂಕಿಅಂಶ ಮಾತ್ರ ಎಂದು. ಮತ ಎಂದರೆ ಅಭಿಪ್ರಾಯ. ಅದನ್ನು ಹೊಡೆದು ಹಾಕಿದ್ದೇನೆ. ಪ್ರಶಸ್ತಿ ಇಡೀ ತಂಡ ಗೆಲ್ಲುವುದು. ಅದು ಅರ್ಧ ಮಾತ್ರ ಲೆಕ್ಕಕ್ಕೆ.

ಇನ್ನು ತಡೆಯುವ ವಿಷಯ. ರಸೆಲ್ ಮತ್ತು ವಿಲ್ಟ್ 142 ಪಂದ್ಯಗಳಲ್ಲಿ ಎದುರುಬದುರಾದರು. ರಸೆಲ್ ಎದುರು ವಿಲ್ಟ್‌ನ ಸರಾಸರಿ 28.7. ಒಟ್ಟು ವೃತ್ತಿಯ ಸರಾಸರಿ 30.1. ಅಂದರೆ ನಿನ್ನ ಮಹಾರಕ್ಷಕ ತಡೆದದ್ದು ಪಂದ್ಯಕ್ಕೆ ಒಂದೂವರೆಗಿಂತ ಕಡಿಮೆ ಅಂಕ. ಇಷ್ಟಕ್ಕೆ ಅಷ್ಟು ಎತ್ತರದ ಮನುಷ್ಯ ಯಾಕೆ ಬೇಕಿತ್ತು, ಒಂದು ಕುರ್ಚಿ ಇಟ್ಟಿದ್ದರೆ ಸಾಕಿತ್ತು.

ಎಣಿಸದೆ ಬಿಟ್ಟದ್ದು ನನಗೂ ಬೇಸರವೇ. ಆದರೆ ಮೂವತ್ತು ವರ್ಷ ಆ ಮೇಜಿನಲ್ಲಿ ಕೂತು ಕಲಿತದ್ದು ಒಂದೇ, ಬರೆದಿಟ್ಟಿಲ್ಲದ್ದು ಅಚ್ಚಾಗುವುದಿಲ್ಲ. ರಸೆಲ್‌ಗೂ ಅದೇ, ನಮ್ಮ ಅಭ್ಯಾಸಕ್ಕೂ ಅದೇ.

ಈಗೇನು ಹೇಳುತ್ತೀಯ?

ನಿಮ್ಮ ಓಣಿಯ ಲೈಲಾಕ್ ಮೇ ಕೊನೆಯವರೆಗೂ ಹೂ ಬಿಟ್ಟೇ ಇರುತ್ತದೆಯೋ, ಅಷ್ಟರಲ್ಲಿ ಉದುರುತ್ತದೆಯೋ? ಸುಮ್ಮನೆ ಕೇಳಿದೆ.

ಲವಾನ್


ಕ್ಲೇಬರ್ನ್
1 ಏಪ್ರಿಲ್ 2023

ಪ್ರಿಯ ಲವಾನ್,

ನಿನ್ನ ಲೆಕ್ಕವನ್ನು ಎರಡು ಸಲ ಪರೀಕ್ಷಿಸಿದೆ. ಸರಿಯಾಗಿದೆ. ಆ 142ರಲ್ಲಿ 85 ಗೆದ್ದದ್ದು ರಸೆಲ್‌ನ ತಂಡ ಎಂದು ಹೇಳಬಹುದಿತ್ತು. ತಂಡದ್ದು ಅರ್ಧ ಲೆಕ್ಕ ಎಂದು ನೀನು ಮೊದಲೇ ಬಾಗಿಲು ಹಾಕಿದ್ದೀಯ. ತಡೆದ ಹೊಡೆತಗಳ ಸಂಖ್ಯೆ ನನ್ನ ಹತ್ತಿರ ಇಲ್ಲ, ಯಾರ ಹತ್ತಿರವೂ ಇಲ್ಲ.

ಸೋತೆ. ಮಾತು ಮಾತೇ. ಇನ್ನು ಕರೆಯುವುದಿಲ್ಲ.

ಲೈಲಾಕ್ ಮೇ ಮೂರನೇ ವಾರಕ್ಕೆ ಮುಗಿಯುತ್ತದೆ.

ಮಾರ್ಲಿಸ್


ಮೆಸಾ
12 ಏಪ್ರಿಲ್ 2023

ಮಾರಾಯ್ತಿ, ಇದೇನು?

ಎರಡೇ ಪತ್ರಕ್ಕೆ ಸೋಲು ಒಪ್ಪುವುದಾ? 1967ರ ವಲಯ ಫೈನಲ್‌ನಲ್ಲಿ ಹನ್ನೊಂದು ಅಂಕ ಹಿಂದಿದ್ದಾಗಲೂ ನೀನು ಬಗ್ಗಿರಲಿಲ್ಲ. ಮೂಗಿನಿಂದ ರಕ್ತ ಬರುತ್ತಿದ್ದರೂ "ಬಟ್ಟೆ ತುರುಕಿ ಬಿಡಿ, ಆಡ್ತೀನಿ" ಅಂದವಳು ನೀನು.

ನಾನು ಮತ್ತೆ ಯೋಚಿಸಿದೆ. ರಸೆಲ್ ಹದಿಮೂರು ಋತುವಿನಲ್ಲಿ ಹದಿಮೂರೂ ಪ್ರಶಸ್ತಿ ಗೆದ್ದ ಎಂದ ಮೇಲೆ ತಂಡದ ಪಾಲು ಅರ್ಧ ಕಳೆದರೂ ಆರೂವರೆ ಉಳಿಯುತ್ತದೆ. ಜೋರ್ಡನ್‌ದು ಆರು. ಅದರಲ್ಲೂ ಅರ್ಧ ಕಳೆಯಬೇಕು. ಹೀಗೆ ನೋಡಿದರೆ ನನ್ನ ವಾದ ಬಿದ್ದೇ ಹೋಗುತ್ತದೆ. ನೀನು ಏನು ಹೇಳುತ್ತೀಯ?

ಬೇಗ ಬರಿ.

ಲವಾನ್


ಕ್ಲೇಬರ್ನ್
24 ಏಪ್ರಿಲ್ 2023

ಪ್ರಿಯ ಲವಾನ್,

ಹದಿಮೂರಲ್ಲ, ಹನ್ನೊಂದು. ನಾನೇ ಮಾರ್ಚಿನ ಪತ್ರದಲ್ಲಿ ಬರೆದಿದ್ದೆ. 1958ರಲ್ಲಿ ಸೋತರು, 1967ರಲ್ಲಿ ಸೋತರು. ತಪ್ಪು ಲೆಕ್ಕದಿಂದ ಗೆಲ್ಲುವುದು ನನಗೆ ಬೇಡ. ನಲವತ್ತು ವರ್ಷ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗಿದವಳು ನಾನು. ನನ್ನ ಕಡೆಗೆ ಹೆಚ್ಚು ಬಿದ್ದ ತೂಕವನ್ನೂ ಹಿಂದಕ್ಕೆ ಕೊಟ್ಟಿದ್ದೇನೆ.

ಆದರೆ ನೀನು ಅಂಕಿ ತಪ್ಪಿದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ. ಸರಿಯಾಗಿ ನಿದ್ದೆ ಬರುತ್ತಿದೆಯಾ?

ಇಲ್ಲಿ ಮೆಕ್ಕೆಜೋಳ ಬಿತ್ತಲು ಶುರುವಾಗಿದೆ. ಕೆಫೆ ಖಾಲಿ.

ಮಾರ್ಲಿಸ್


ಮೆಸಾ
3 ಮೇ 2023

ಮಾರ್ಲಿಸ್,

ಹನ್ನೊಂದು, ಆಯಿತು. ಇನ್ನೊಂದು ಸಿಕ್ಕಿದೆ ನೋಡು. 1962ರ ಋತುವಿನಲ್ಲಿ ವಿಲ್ಟ್ ಪಂದ್ಯಕ್ಕೆ ಸರಾಸರಿ 48.5 ನಿಮಿಷ ಆಡಿದ ಎಂದು ದಾಖಲೆ ಹೇಳುತ್ತದೆ. ಪಂದ್ಯ ಇರುವುದೇ 48 ನಿಮಿಷ! ಇಲ್ಲದ ನಿಮಿಷಗಳಲ್ಲಿ ಆಡಿದವನ ಅಂಕ ಯಾರು ನಂಬುತ್ತಾರೆ? ವಿಲ್ಟ್‌ನ ಲೆಕ್ಕ ಸುಳ್ಳಾದರೆ ಆ 28.7 ಕೂಡ ಸುಳ್ಳು. ಅದು ಸುಳ್ಳಾದರೆ ನಾನು ಗೆದ್ದೇ ಇಲ್ಲ. ಪಂಥ ಇನ್ನೂ ಮುಗಿದಿಲ್ಲ, ನಿನ್ನ ಸರದಿ.

ಊಟಕ್ಕೆ ಎಷ್ಟು ಜನ ಬರುತ್ತಾರೆ? ನಮ್ಮ ತಂಡದವರು ಯಾರ್ಯಾರು?

ಲವಾನ್


ಕ್ಲೇಬರ್ನ್
15 ಮೇ 2023

ಪ್ರಿಯ ಲವಾನ್,

ಈ ಪತ್ರವನ್ನು ಮೂರು ಸಲ ಹರಿದು ಬರೆಯುತ್ತಿದ್ದೇನೆ. ಪಂದ್ಯ ಸಮವಾದರೆ ಹೆಚ್ಚುವರಿ ಅವಧಿ ಆಡಿಸುತ್ತಾರೆ. ಆ ನಿಮಿಷಗಳೂ ಸೇರುತ್ತವೆ, ಅದಕ್ಕೇ 48.5. ಇದನ್ನು ನನಗೆ ಹೇಳಿಕೊಟ್ಟವಳೇ ನೀನು. ನೀನು ಇದನ್ನು ಮರೆತೆ ಎಂದರೆ ನನಗೆ ಕೈಕಾಲು ಆಡುವುದಿಲ್ಲ.

ಚಿಕಿತ್ಸಾಲಯದ ನರ್ಸ್ ಕಾನಿ ಹತ್ತಿರ ನಿನ್ನ ಹೆಸರು ಹೇಳದೆ ಕೇಳಿದೆ. "ವಯಸ್ಸೆಷ್ಟು?" ಅಂದಳು.

"ಎಪ್ಪತ್ಮೂರು."

"ಮೊದಲು ಎಂದೂ ತಪ್ಪದೆ ಇದ್ದದ್ದನ್ನ ಈಗ ತಪ್ತಾರೆ ಅಂದ್ರೆ ಡಾಕ್ಟರಿಗೆ ತೋರಿಸ್ಬೇಕು. ಮನೇಲಿ ಯಾರಿದ್ದಾರೆ? ಅವರನ್ನ ಕೇಳಿ. ರೋಗಿ ತಾನಾಗಿ ಹೇಳಲ್ಲ. ಮಾರ್ಲಿಸ್, ಇದು ನಿಮ್ಮ ಬಗ್ಗೆ ಅಲ್ಲ ತಾನೆ?"

ಆದ್ದರಿಂದ ಈ ಪತ್ರವನ್ನು ವಾರೆನ್‌ಗೆ ತೋರಿಸು. ನನಗೆ ಫೋನಿನಲ್ಲಿ ಮಾತು ಹೊರಡುವುದಿಲ್ಲ ಎಂದು ನಿನಗೆ ಗೊತ್ತು. ಆದರೂ ಭಾನುವಾರ ಚರ್ಚ್ ಮುಗಿದ ಮೇಲೆ ಮಾಡುತ್ತೇನೆ. ವಾರೆನ್ ಎತ್ತಿಕೊಳ್ಳಲಿ.

ತಂಡದವರ ವಿಷಯ ಕೇಳಿದ್ದೀಯ. ಜಾನಿಸ್, ಆರ್ಡಿತ್, ಫೇ ತೀರಿಕೊಂಡದ್ದು ನಿನಗೆ ಗೊತ್ತೇ ಇದೆ. ಕೊರೀನ್ ವೃದ್ಧಾಶ್ರಮದಲ್ಲಿದ್ದಾಳೆ, ನನ್ನ ಗುರುತು ಹಿಡಿಯುವುದಿಲ್ಲ. 1967ರ ಮೇಜಿಗೆ ಕುರ್ಚಿ ಎಷ್ಟು ಹಾಕಲಿ ಎಂದು ಸಮಿತಿಯವರು ಕೇಳಿದ್ದಾರೆ. ನಾನು ಇನ್ನೂ ಹೇಳಿಲ್ಲ.

ನಿನ್ನ
ಮಾರ್ಲಿಸ್


ಮೆಸಾ
31 ಮೇ 2023

ಪ್ರಿಯ ಮಾರ್ಲಿಸ್,

ಫೋನ್ ಎರಡು ಸಲ ಬಡಿದುಕೊಂಡಿತು. ನೀನೇ ಎಂದು ಗೊತ್ತಿತ್ತು. ವಾರೆನ್ ಎತ್ತಿಕೊಳ್ಳಲಾರ, ನನಗೆ ಎತ್ತಿಕೊಳ್ಳುವ ಧೈರ್ಯ ಬರಲಿಲ್ಲ.

ನನ್ನ ತಲೆ ಸರಿಯಾಗಿದೆ. ಹೆಚ್ಚುವರಿ ಅವಧಿಯ ಬಗ್ಗೆ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನಾನು ಸೋಲಲು ನೋಡುತ್ತಿದ್ದೆ ಕಣೇ. ಹದಿಮೂರು ಎಂದು ಬರೆದು ಚೆಂಡನ್ನು ನಿನ್ನ ಕೈಗೇ ಇಟ್ಟೆ. ನೀನು ಅದನ್ನು ಒರೆಸಿ, "ಇದು ನಿನ್ನದು, ತಗೋ" ಎಂದು ವಾಪಸು ಕಳಿಸಿದೆ. ನಿನ್ನಂಥ ಪೆದ್ದು ಪ್ರಾಮಾಣಿಕಳನ್ನು ಎಲ್ಲೂ ನೋಡಿಲ್ಲ.

ವಾರೆನ್‌ಗೆ ಪಾರ್ಶ್ವವಾಯು ಹೊಡೆದು ಎರಡು ವರ್ಷ ಮೇಲಾಯಿತು. ಬಲಗಡೆ ಪೂರ್ತಿ ಹೋಗಿದೆ. "ಆಯ್ತು, ಆಯ್ತು" ಎಂಬುದೊಂದೇ ಮಾತು ಉಳಿದಿದೆ. ಹಸಿವಾದರೂ ಆಯ್ತು, ನೋವಾದರೂ ಆಯ್ತು. ಬೆಳಿಗ್ಗೆ ಒಬ್ಬಾಕೆ ಬಂದು ಸ್ನಾನ ಮಾಡಿಸಿ ಹೋಗುತ್ತಾಳೆ. ಉಳಿದ ಹೊತ್ತು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ನಾನೇ ಎತ್ತುತ್ತೇನೆ. ಬೆನ್ನು ಹಿಡಿದುಕೊಂಡು ಬಿಟ್ಟಿದೆ. ಪಂದ್ಯ ಹಾಕಿದರೆ ನೋಡುತ್ತಾನೆ, ಅಥವಾ ಆ ಕಡೆ ಕಣ್ಣಿಟ್ಟಿರುತ್ತಾನೆ. ನಾನು ಅಂಕಿಗಳನ್ನು ಜೋರಾಗಿ ಓದುತ್ತೇನೆ. ಮನೆಯಲ್ಲಿ ಯಾರದ್ದಾದರೂ ದನಿ ಇರಬೇಕಲ್ಲ.

ನಿನಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ "ಪಾಪ, ಅವಳಿಗೆ ಬರಲಾಗುವುದಿಲ್ಲ" ಎಂದು ನೀನು ಕರೆಯುವುದನ್ನೇ ಬಿಡುತ್ತಿದ್ದೆ. ವರ್ಷಕ್ಕೊಂದು ಸಲ ಫೆಬ್ರವರಿಯಲ್ಲಿ ನಿನ್ನ ಲಕೋಟೆ ಬರುತ್ತಿತ್ತು. "ಬಾ, ಕೋಣೆ ಖಾಲಿ ಇದೆ" ಎಂದು ಇರುತ್ತಿತ್ತು. ಬರುವುದು ನನ್ನ ಕೈಯಲ್ಲಿರಲಿಲ್ಲ. ಕರೆಯುವವರು ಒಬ್ಬರು ಇದ್ದಾರೆ ಎಂಬುದರ ಮೇಲೆ ವರ್ಷ ತಳ್ಳುತ್ತಿದ್ದೆ. ಪಂಥ ಸಿಕ್ಕಿದ ಕೂಡಲೇ ಹಳೆಯ ಚಾಳಿಯಂತೆ ಗೆಲ್ಲಲು ಹೊರಟೆ. ಗೆದ್ದರೆ ಏನು ಕಳೆದುಕೊಳ್ಳುತ್ತೇನೆ ಎಂದು ಯೋಚಿಸಲೇ ಇಲ್ಲ. ನೀನು "ಇನ್ನು ಕರೆಯುವುದಿಲ್ಲ" ಎಂದು ಬರೆದ ಕಾಗದ ಬಂದ ದಿನ ವಾರೆನ್‌ಗೆ ಊಟ ಮಾಡಿಸುವುದನ್ನೇ ಮರೆತೆ. ಅವನು "ಆಯ್ತು, ಆಯ್ತು" ಎಂದು ತಟ್ಟೆ ಬಡಿದ.

ನಿನ್ನ ಮೇಜಿಗೆ ಕೊನೆಗೆ ಎಷ್ಟು ಕುರ್ಚಿ ಹಾಕಿದರು?

ಲವಾನ್


ಟುಕುಮ್‌ಕ್ಯಾರಿ, ನ್ಯೂ ಮೆಕ್ಸಿಕೊ
9 ಜೂನ್ 2023, ಬೆಳಿಗ್ಗೆ

ಪ್ರಿಯ ಲವಾನ್,

ರಸ್ತೆ ಬದಿಯ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೊಟ್ಟೆಗೆ ಹಸಿಮೆಣಸಿನಕಾಯಿಯ ಸಾರು ಸುರಿದು ಕೊಟ್ಟಿದ್ದಾರೆ. ಕಣ್ಣಲ್ಲಿ ನೀರು ಬರುತ್ತಿದೆ. ಬಡಿಸುವ ಹೆಂಗಸು, "ಯಾವ ಕಡೆ ಹೊರಟಿದ್ದೀರಿ ಅಜ್ಜಿ, ಒಬ್ಬರೇನಾ?" ಅಂದಳು.

"ಮೆಸಾ."

"ಯಾರಿದ್ದಾರೆ ಅಲ್ಲಿ?"

"ನಮ್ಮ ತಂಡದವಳು" ಅಂದೆ. ಅವಳು ನನ್ನ ಮುಖವನ್ನೂ ಮೊಣಕಾಲಿನ ಪಟ್ಟಿಯನ್ನೂ ನೋಡಿ ಮತ್ತಷ್ಟು ಕಾಫಿ ಹಾಕಿದಳು.

ಫೋನ್ ಮಾಡಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಅದಕ್ಕೆ ಮಾಡಲಿಲ್ಲ. ನಾಳೆ ಸಂಜೆಗೆ ನಿನ್ನ ಬಾಗಿಲಲ್ಲಿರುತ್ತೇನೆ. ಈ ಕಾಗದ ನನ್ನ ಹಿಂದೆಯೇ ಎರಡು ದಿನ ಬಿಟ್ಟು ಬರುತ್ತದೆ. ಬಂದ ಮೇಲೆ ಬಾಯಲ್ಲಿ ಹೇಳಲಾಗದ್ದು ಒಂದಿದೆ, ಅದನ್ನು ಅಂಚೆಗೆ ಹಾಕುತ್ತಿದ್ದೇನೆ.

ಗಾರ್ಡ್‌ಗಳಿಗೆ ಮೇಷ್ಟ್ರು ಮೊದಲ ದಿನವೇ ಹೇಳುತ್ತಿದ್ದರು: "ಫಾರ್ವರ್ಡ್‌ನ ಕಣ್ಣು ನೋಡಬೇಡಿ ಹುಡುಗೀರಾ, ಕಣ್ಣು ಸುಳ್ಳು ಹೇಳುತ್ತೆ. ಸೊಂಟ ನೋಡಿ. ಸೊಂಟ ಎಲ್ಲಿ ಹೋಗುತ್ತೋ ಅವಳೂ ಅಲ್ಲೇ ಹೋಗ್ತಾಳೆ." ಬೇರೆ ಊರಿನ ಹುಡುಗಿಯರ ಎದುರು ನಾನು ಸೊಂಟ ನೋಡಿದೆ. ಜಿಲ್ಲೆಯಲ್ಲಿ ನನ್ನನ್ನು ದಾಟಿದವರು ಕಡಿಮೆ. ಅಭ್ಯಾಸದಲ್ಲಿ ನೀನು ಮಾತ್ರ ದಿನಾ ದಾಟಿ ಹೋಗುತ್ತಿದ್ದೆ. "ಲವಾನ್ ಎದುರು ನಿನಗೆ ಏನಾಗುತ್ತೆ?" ಎಂದು ಮೇಷ್ಟ್ರು ಬಯ್ಯುತ್ತಿದ್ದರು. ಏನಾಗುತ್ತಿತ್ತು ಎಂದರೆ, ನಾನು ಕಣ್ಣು ನೋಡುತ್ತಿದ್ದೆ.

ಇಷ್ಟೇ. ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.

ಮೇಜಿಗೆ ಎರಡು ಕುರ್ಚಿ ಹಾಕಿಸಿದೆ. 1967 ಎಂದು ಕೂಗಿದಾಗ ಎದ್ದು ನಿಂತೆ, ಚಪ್ಪಾಳೆ ಹೊಡೆದರು. ಕೋಟನ್ನು ಇನ್ನೊಂದರ ಮೇಲೆ ಹಾಕಿದ್ದೆ. ಮೂರನೇ ಮನೆಯ ಡಿಯಾನ್ ಬಂದು "ಇದು ಖಾಲೀನಾ?" ಎಂದು ಎಳೆದಳು. "ಅಲ್ಲ" ಅಂದೆ.

ಬೆಕ್ಕನ್ನು ವರ್ಜಿಲ್‌ಗೆ ಒಪ್ಪಿಸಿದ್ದೇನೆ. ಎಷ್ಟು ದಿನಕ್ಕೆ ಎಂದು ಅವನು ಕೇಳಿದ, ನನಗೆ ಗೊತ್ತಿಲ್ಲ ಎಂದೆ. ನೀನು ಅಡುಗೆ ಗಿಡುಗೆ ಎಂದು ಓಡಾಡಬೇಡ. ವಾರೆನ್ ಎಷ್ಟು ಭಾರ ಇದ್ದಾನೆ ಎಂದು ಮಾತ್ರ ಹೇಳು. ಗೋದಾಮಿನಲ್ಲಿ ಬೀಜದ ಮೂಟೆ ಎತ್ತಿದ ತೋಳು ಇದು, ಇನ್ನೂ ಪೂರ್ತಿ ಸತ್ತಿಲ್ಲ. ಎಡಗಡೆಯಿಂದ ಹಿಡಿಯಬೇಕೋ ಬಲಗಡೆಯಿಂದಲೋ ಎಂದು ಒಂದು ಸಲ ತೋರಿಸಿಕೊಡು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗು. ಎಷ್ಟು ಹೊತ್ತಾದರೂ ಮಲಗು. ನಾನು ಎಬ್ಬಿಸುವುದಿಲ್ಲ.

ಮಾರ್ಲಿಸ್